ದೇವಿಗೆ ಹೇಳಿದ ಸುದ್ದಿ

೧೪ ಅಕ್ಟೋಬರ್ ೨೦೨೩

ಐಸ್ ಪ್ಲಾಂಟಿನ ಕೆಲಸ ಮುಗಿಸಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದೆ. ಗೇಟಿನ ಎದುರು ರಿಕ್ಷಾ ನಿಂತಿತು. ಮೊದಲು ಇಳಿದವಳು ದೇವಿ. ಹಿಂದೆ ಒಂದೇ ಸಲ, ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ, ದೂರದಿಂದ ಅವಳನ್ನು ನೋಡಿದ್ದೆ. ಆದರೂ ಗುರುತು ತಪ್ಪಲಿಲ್ಲ. ಅವಳ ಹಿಂದೆ ರಿಕ್ಷಾದ ಕಂಬಿ ಹಿಡಿದುಕೊಂಡು ಇಳಿದವನು ರಾಜೇಶ. ನನ್ನ ಗಂಡ. ಮಗಳು ಶ್ರೇಯಾ ನಾಲ್ಕನೇ ಇಯತ್ತೆಯಲ್ಲಿದ್ದಾಗ ಬೋಟಿಗೆ ಹೋಗಿ ಬರುತ್ತೇನೆಂದು ಹೋದವನು ಕುಮಟೆಯ ಹೊಳನಗದ್ದೆಯಲ್ಲಿ ಈ ದೇವಿಯ ಮನೆ ಸೇರಿದ. ಈಗ ಶ್ರೇಯಾ ಬಿ.ಎಸ್ಸಿ. ಎರಡನೇ ವರ್ಷ.

ಬೋಟಿನ ತಂಡೇಲನಾಗಿ ಚುಕ್ಕಾಣಿ ತಿರುಗಿಸುತ್ತಿದ್ದ ಕೈ ಅಂಗಿಯ ತೋಳಿನೊಳಗೆ ಇದೆಯೋ ಇಲ್ಲವೋ ಎಂಬಂತಿತ್ತು. ಗೇಟಿನಿಂದ ಮೆಟ್ಟಿಲಿಗೆ ಬರುವಷ್ಟರಲ್ಲಿ ಎರಡು ಕಡೆ ನಿಂತು ಕೆಮ್ಮಿದ.

ದೇವಿ ಗೇಟು ದಾಟಲಿಲ್ಲ. ಅಲ್ಲಿಂದಲೇ ಹೇಳಿದಳು.

"ಅಕ್ಕಾ, ಇವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ. ಕುಮಟೆ ಡಾಕ್ಟರು ಮಂಗಳೂರಿಗೆ ಬರೆದುಕೊಟ್ರು. ಅಲ್ಲಿ ಕಾರ್ಡು ಕೇಳ್ತ್ರು. ಇವರ ಹೆಸರು ಇನ್ನೂ ನಿಮ್ಮ ರೇಶನ್ ಕಾರ್ಡಲ್ಲೇ ಉಂಟು. ಹೆಂಡ್ತಿ ಸಹಿನೂ ಬೇಕಂತೆ. ನಾ ಎಂತ ಅಂತ ಸಹಿ ಹಾಕ್ಲಿ?"

"ನಾನು ಹಾಕೂದಿಲ್ಲ ಅಂದ್ರೆ?"

"ವಾಪಸ್ ಕರ್ಕೊಂಡು ಹೋಗ್ತೆ. ಎಷ್ಟು ದಿವಸ ಇರ್ತ್ರೋ ಅಷ್ಟು ದಿವಸ."

ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತಿದ್ದರು. ಅವನನ್ನು ಒಳಗೆ ಕರೆದದ್ದು ಅದಕ್ಕೇ, ಬೇರೆ ಯಾವ ಕಾರಣವೂ ಇಲ್ಲ. ಒಂದು ಕರಾರು ಹಾಕಿದೆ. ಈ ಮನೆಯಲ್ಲಿ ಇದ್ದಷ್ಟು ದಿನ ಅವನು ಅವಳಿಗೆ ಫೋನ್ ಮಾಡಕೂಡದು, ಅವಳು ಅವನಿಗೆ ಮಾಡಕೂಡದು, ಬರಲೂ ಕೂಡದು.

"ನಿಮಗೆ ಮಾಡೂಕೆ ಅಡ್ಡಿಲ್ಲ ಅಲ್ದಾ ಅಕ್ಕಾ? ವಾರಕ್ಕೊಂದು ಸಲ. ಹ್ಯಾಂಗಿದ್ರು ಅಂತ ಕೇಳೂಕೆ ಮಾತ್ರ."

ಅವನು ತನ್ನ ಫೋನನ್ನು ಜೇಬಿನಿಂದ ತೆಗೆದು ಅವಳ ಕೈಗೆ ಕೊಟ್ಟ. ಅವಳು ಸೆರಗಿನಲ್ಲಿ ಸುತ್ತಿಕೊಂಡು ಅದೇ ರಿಕ್ಷಾದಲ್ಲಿ ಹೋದಳು. ಜಗುಲಿಯ ಪಕ್ಕದ ಕೋಣೆಯಲ್ಲಿ ಚಾಪೆ ಹಾಕಿಕೊಟ್ಟಿದ್ದೇನೆ. ಒಳಗೆ ಬರುವುದು ಊಟಕ್ಕೆ ಮಾತ್ರ.

೧೯ ಅಕ್ಟೋಬರ್

ಭಟ್ಕಳದಿಂದ ಮಂಗಳೂರಿಗೆ ರೈಲು. ಕಿಟಕಿಯ ಬದಿ ಅವನು, ಈಚೆ ನಾನು, ನಡುವೆ ನನ್ನ ಚೀಲ.

ಡಾಕ್ಟರ್ ಶ್ರೀಗೌರಿ ಎಂಬವರು ನೋಡಿದರು. ಚಿಕ್ಕ ವಯಸ್ಸು. ನಾವು ಭಟ್ಕಳದವರು ಅಂದ ಕೂಡಲೇ "ನಂದು ಸಂತೆಗುಳಿ, ಕುಮಟೆ ಹತ್ರ" ಅಂದರು. ಕುಮಟೆ ಎಂಬ ಹೆಸರಿಗೆ ಅವನು ತಲೆ ತಗ್ಗಿಸಿದ.

"ಬೀಡಿ, ಸಿಗರೇಟು ಇತ್ತಾ?"

"ಇಲ್ಲ."

ಅದು ನಿಜ. ಕುಡಿಯುತ್ತಿದ್ದ, ಸುಳ್ಳು ಹೇಳುತ್ತಿದ್ದ, ಬೀಡಿ ಮಾತ್ರ ಸೇದಿದವನಲ್ಲ.

ರೋಗ ಹಬ್ಬಿದೆ, ಆಪರೇಶನ್ನಿಗೆ ಬರುವುದಿಲ್ಲ, ಪೂರ್ತಿ ಗುಣವೂ ಆಗುವುದಿಲ್ಲ. ಆದಷ್ಟು ಕಾಲ ಹಿಡಿದು ನಿಲ್ಲಿಸಬಹುದು. ಹೇಗೆ ಎಂಬುದನ್ನು ಅವರು ನಿಧಾನಕ್ಕೆ ಹೇಳಿದರು. "ಎಲ್ಲರ ಗಡ್ಡೆ ಒಂದೇ ಥರ ಇರೂದಿಲ್ಲ ನೋಡಿ. ಕೆಲವರ ಗಡ್ಡೆಯೊಳಗೆ ಒಂದು ಜೀನ್ ಬದಲಾಗಿರ್ತದೆ. ಅದು ಗಡ್ಡೆಗೆ ಬೆಳಿ ಬೆಳಿ ಅಂತ ಹೇಳ್ತಾನೇ ಇರ್ತದೆ. ಅಂಥವರಿಗೆ ಇಂಜೆಕ್ಷನ್ನಿಗಿಂತ ದಿನಕ್ಕೊಂದು ಮಾತ್ರೆಯೇ ಚಲೋ ಹಿಡೀತದೆ. ಆ ಬದಲಾವಣೆ ಇಲ್ಲದವರಿಗೆ ಮಾತ್ರೆ ಕೊಟ್ರೆ ದಂಡ, ಅವರಿಗೆ ಇಂಜೆಕ್ಷನ್ನೇ ಆಗಬೇಕು. ಇದೆಯೋ ಇಲ್ಲವೋ ಮುಖ ನೋಡಿ ಹೇಳಲಿಕ್ಕೆ ಬರೂದಿಲ್ಲ. ಗಡ್ಡೆಯ ಚೂರು ತೆಗೆದು ಲ್ಯಾಬಿಗೆ ಕಳಿಸ್ತೇವೆ."

ಮಗಳಿಗೆ ಬರುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ಹುಟ್ಟಿನಿಂದ ಬಂದದ್ದಲ್ಲ, ಗಡ್ಡೆಯೊಳಗೆ ಮಾತ್ರ ಆದದ್ದು. ಸದ್ಯ. ಅವನಿಂದ ಅವಳಿಗೆ ಬಂದದ್ದು ಮೂಗು ಒಂದೇ ಆಗಿ ಉಳಿಯಲಿ.

ಬೆನ್ನಿನ ಕಡೆಯಿಂದ ಸೂಜಿ ಚುಚ್ಚಿ ಚೂರು ತೆಗೆದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಆ ಜೀನ್ ಇವನಲ್ಲಿ ಇರಬಾರದು ಅಂದುಕೊಂಡೆ. ಬರೆದೇ ಇಡುತ್ತೇನೆ, ಇದನ್ನು ಓದುವವರು ಯಾರು. ದಿನಕ್ಕೊಂದು ಮಾತ್ರೆ ನುಂಗಿ ಹಾಯಾಗಿರುವ ಯೋಗ ಇವನಿಗೆ ಬೇಡ. ಇಂಜೆಕ್ಷನ್ನಿನ ಕಷ್ಟ ಪೂರ್ತಿ ಗೊತ್ತಾಗಲಿ.

೨೧ ಅಕ್ಟೋಬರ್

ಶ್ರೇಯಾ ಹೊನ್ನಾವರದ ಹಾಸ್ಟೆಲಿನಿಂದ ಬಂದಳು. ಜಗುಲಿಯಲ್ಲಿ ಅವನು ಕೂತಿದ್ದ. "ಬಂದ್ಯಾ ಮಗಾ" ಅಂದ. ಇವಳು ಬ್ಯಾಗು ಹೆಗಲಿನಿಂದ ಇಳಿಸದೆ ಒಳಗೆ ಬಂದು, "ಅಮ್ಮಾ, ನೀ ಯಾಕೆ ಸೇರಿಸಿಕೊಂಡೆ?" ಎಂದು ಅವನಿಗೆ ಕೇಳುವಂತೆಯೇ ಕೇಳಿದಳು. ನನ್ನ ಮಗಳು.

೪ ನವೆಂಬರ್

ಮೂರು ದಿನದ ಹಿಂದೆ ಲ್ಯಾಬಿನಿಂದ ಫೋನ್ ಬಂತು. ಕಳಿಸಿದ ಚೂರಿನಲ್ಲಿ ಪರೀಕ್ಷೆಗೆ ಸಾಕಾಗುವಷ್ಟು ಜೀವಕೋಶ ಇಲ್ಲವಂತೆ. ಇಷ್ಟು ದಿನ ಕಾದದ್ದು ನೀರಿನಲ್ಲಿ ಹೋಮ. ಅಷ್ಟರಲ್ಲಿ ಅವನಿಗೆ ಉಸಿರು ಕಟ್ಟಲು ಶುರುವಾಯಿತು. ಗೋಡೆಗೆ ದಿಂಬು ಒರಗಿಸಿ ಕೂರಿಸಿದರೆ ಮಾತ್ರ ಸ್ವಲ್ಪ ಆರಾಮ. ಮತ್ತೆ ಮಂಗಳೂರು. ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಅದನ್ನು ತೆಗೆದರು, ತೆಗೆದ ನೀರನ್ನೇ ಮತ್ತೆ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಕಾಯುವಂತಿಲ್ಲ ಎಂದು ಒಂದು ಸುತ್ತು ಇಂಜೆಕ್ಷನ್ ಹಾಕಿಯೇ ಬಿಟ್ಟರು. "ಇದು ಇವರಿಗೆ ಎಷ್ಟು ಹಿಡೀತದೆ ಈಗ್ಲೇ ಹೇಳಲಿಕ್ಕಾಗೂದಿಲ್ಲ" ಅಂದರು ಡಾಕ್ಟರ್.

ಬಾಟ್ಲಿಯಿಂದ ಹನಿ ಇಳಿಯುತ್ತಿದ್ದಷ್ಟು ಹೊತ್ತೂ ಅವನು ನನ್ನ ಮುಖ ನೋಡುತ್ತಿದ್ದ. ನಾನು ಹನಿ ನೋಡುತ್ತಿದ್ದೆ.

೯ ನವೆಂಬರ್

ಅಂದುಕೊಂಡದ್ದೆಲ್ಲ ಆಯಿತು. ನೀರು ಕುಡಿದರೂ ವಾಂತಿ. ಬಾಯಿ ತುಂಬ ಹುಣ್ಣು. ಹಾಸಿಗೆ ಒಗೆದು ಒಗೆದು ನನ್ನ ಕೈಯ ಚರ್ಮ ಸುಲಿದಿದೆ. ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಇವತ್ತು ಬಟ್ಟಲು ಹಿಡಿದು ಅವನ ಬೆನ್ನು ತಟ್ಟುವಾಗ ಬೆನ್ನಿನ ಮೂಳೆ ಒಂದೊಂದೇ ಕೈಗೆ ಸಿಕ್ಕಿತು. ಸಿಟ್ಟು ಬಂತು. ಇಂಥವನನ್ನು ದ್ವೇಷಿಸುವುದಾದರೂ ಹೇಗೆ. ಮೊದಲಿನ ಹಾಗೇ ಗಟ್ಟಿಯಾಗಿ ಬಂದು ಎದುರು ನಿಂತಿದ್ದರೆ ನಾಲ್ಕು ಮಾತು ಅಂದು ಕದ ಹಾಕಿಕೊಳ್ಳುತ್ತಿದ್ದೆ.

ದೇವಿ ಫೋನ್ ಮಾಡಿದಳು. ಪ್ರತಿ ಗುರುವಾರ ನಾನು ಪ್ಲಾಂಟಿನಲ್ಲಿರುವ ಹೊತ್ತು ನೋಡಿ ಮಾಡುತ್ತಾಳೆ. ಐಸ್ ಒಡೆಯುವ ಮಿಶಿನ್ನಿನ ಸದ್ದಿನಲ್ಲಿ ಅವಳ ದನಿ ಅರ್ಧ ಕೇಳುತ್ತದೆ, ಅರ್ಧ ಇಲ್ಲ.

"ಉಂಡ್ರಾ ಅಕ್ಕಾ?"

"ಇಲ್ಲ. ಎಂತದೂ ನಿಲ್ತಿಲ್ಲ."

"ಗಂಜಿಗೆ ಸ್ವಲ್ಪ ಮಾವಿನಮಿಡಿ ರಸ ಬಿಟ್ಟು ಕೊಡಿ. ಅವರಿಗೆ ಅದು ಸೇರ್ತದೆ."

ಅವನಿಗೆ ಏನು ಸೇರುತ್ತದೆಂದು ಅವಳು ನನಗೆ ಹೇಳಿಕೊಡಬೇಕೆ. ಫೋನ್ ಇಟ್ಟುಬಿಟ್ಟೆ. ಮಿಡಿಯ ರಸ ಬಿಟ್ಟು ಕೊಟ್ಟೆ. ಅರ್ಧ ಬಟ್ಟಲು ಕುಡಿದ, ಅದು ನಿಂತಿತು.

೨೩ ನವೆಂಬರ್

ರಿಪೋರ್ಟ್ ಬಂತು. ಆ ಜೀನ್ ಬದಲಾಗಿದೆ.

ಡಾಕ್ಟರ್ ಶ್ರೀಗೌರಿ ನಕ್ಕದ್ದನ್ನು ಮೊದಲ ಸಲ ನೋಡಿದೆ. "ಇನ್ನು ಇಂಜೆಕ್ಷನ್ ಬೇಡ. ದಿನಕ್ಕೊಂದು ಮಾತ್ರೆ. ಇವರಿಗೆ ಹಿಡಿಯೋ ಸಂಭವ ಬಹಳ ಜಾಸ್ತಿ" ಅಂದರು. ಮತ್ತೆ ಮಾತ್ರೆಯ ಚೀಟಿ ಬರೆಯುತ್ತಾ, "ಇದೂ ಕಡೆತನಕ ಅಲ್ಲ. ಒಂದು ವರ್ಷ, ಕೆಲವರಿಗೆ ಅದಕ್ಕಿಂತ ಜಾಸ್ತಿ, ಕೆಲವರಿಗೆ ಕಡಿಮೆ. ಆಮೇಲೆ ಗಡ್ಡೆ ಬೇರೆ ದಾರಿ ಹುಡುಕ್ತದೆ. ಅಲ್ಲಿತನಕ ಚಲೋ ಇರ್ತಾರೆ" ಅಂದರು.

ಅವನು ಕಣ್ಣು ಒರೆಸಿಕೊಂಡ. ಯೋಗ ಎಂದರೆ ಇವನದು. ಬಿಟ್ಟು ಹೋದವನಿಗೂ ಇಬ್ಬರು ಹೆಂಗಸರು, ಕೆಟ್ಟ ರೋಗದೊಳಗೂ ಒಳ್ಳೆಯ ಜೀನು.

ಗುರುವಾರವಾದ್ದರಿಂದ ವಾಪಸು ಬರುವಾಗ ರೈಲಿನಲ್ಲಿ ಫೋನ್ ಬಂತು. ಅವನು ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದ. ನಾನೆದ್ದು ಬಾಗಿಲ ಹತ್ತಿರ ಹೋದೆ.

"ರಿಪೋರ್ಟ್ ಎಂತ ಬಂತು ಅಕ್ಕಾ?"

"ಇಲ್ಲ ಅಂತ ಬಂತು. ಮಾತ್ರೆ ಹಿಡಿಯೂದಿಲ್ಲಂತೆ. ಯಾವ ಮದ್ದೂ ಹಿಡಿಯೂದು ಕಷ್ಟ ಅಂದ್ರು."

"ಅಕ್ಕಾ" ಅಂದದ್ದು ಮಾತ್ರ ಕೇಳಿತು. ರೈಲು ಸುರಂಗದೊಳಗೆ ಹೋಯಿತು, ಫೋನ್ ಕಟ್ಟಾಯಿತು. ಮತ್ತೆ ಅವಳು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಬಾಯಿಗೆ ಬಂದದ್ದನ್ನು ಹೇಳಿದ್ದು. ಕೂತು ಯೋಚನೆ ಮಾಡಿದ್ದೇನೂ ಅಲ್ಲ.

೭ ಡಿಸೆಂಬರ್

ಮಾತ್ರೆ ಶುರುವಾದ ಮೇಲೆ ಅವರ ಮುಖ, ಎದೆಯ ಮೇಲೆಲ್ಲ ಮೊಡವೆಯಂಥ ಗುಳ್ಳೆ ಎದ್ದಿದೆ. ಡಾಕ್ಟರಿಗೆ ಫೋನ್ ಮಾಡಿದರೆ ಅದು ಮಾತ್ರೆಯದ್ದೇ, ಹೆದರಬೇಡಿ, ಬಿಸಿಲಿಗೆ ಹೋಗಬೇಡಿ ಅಂದರು. ಹಚ್ಚಲು ಮುಲಾಮು ಹೇಳಿದರು. ಉಗುರಿನ ಬದಿ ಹಣ್ಣಾಗಿ ಅವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುವುದಿಲ್ಲ. ನಾನೇ ಹಾಕಿದೆ. ಹಾಕುವಾಗ ಇಬ್ಬರೂ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆವು.

ಕೆಮ್ಮು ಕಡಿಮೆ. ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಜಗುಲಿಯಲ್ಲಿ ಸದ್ದೇ ಇರಲಿಲ್ಲ. ಓಡಿ ಹೋಗಿ ನೋಡಿದರೆ ಪೇಪರು ಓದುತ್ತಿದ್ದರು.

೨೮ ಡಿಸೆಂಬರ್

ಶ್ರೇಯಾ ರಜೆಗೆ ಬಂದು ನಾಲ್ಕು ದಿನ. ಮೊದಲೆರಡು ದಿನ ಮಾತಿಲ್ಲ. ನಿನ್ನೆ ಅವಳ ಪುಸ್ತಕದಲ್ಲಿ ಜೀನಿನ ಚಿತ್ರ ನೋಡಿ ಅವರು "ಇದೇನಾ ನನ್ನೊಳಗೆ ಕೆಟ್ಟದ್ದು?" ಎಂದು ಕೇಳಿದರು. ಅವಳು ಹೇಳಲು ಕೂತಳು. ಅಡುಗೆ ಮನೆಗೆ ಇಬ್ಬರ ದನಿಯೂ ಕೇಳುತ್ತಿತ್ತು. "ಕೊಂಡಿ ಬಿಟ್ಟುಹೋದ ಹಾಗೆ ಒಂದು ತುಂಡು ಇಲ್ಲ ಅಪ್ಪಾ, ಅದಕ್ಕೇ ಅದು ನಿಲ್ಲದೆ ಓಡ್ತದೆ." "ಹೌದಾ. ಇಂಜಿನ್ ಬಂದ್ ಮಾಡೂ ಸ್ವಿಚ್ ಹೋದ ಹಾಗೆ." ಅವಳು ನಕ್ಕಳು. ಅಪ್ಪಾ ಅಂದದ್ದು ಅವಳಿಗೇ ಗೊತ್ತಾಗಿರಲಿಕ್ಕಿಲ್ಲ.

ಜಗುಲಿ ಕೋಣೆಯಲ್ಲಿ ಚಳಿಗಾಳಿ ಹೊಡೆಯುತ್ತದೆ. ಮಂಚ ಒಳಗೆ ಹಾಕಿಸಿದೆ. ಕೆಮ್ಮು ಹೆಚ್ಚಾದರೆ ಮತ್ತೆ ಮಂಗಳೂರಿಗೆ ಓಡುವವರು ಯಾರು.

ಗುರುವಾರ. ದೇವಿಗೆ "ಹಾಗೇ ಇದ್ರು, ದಿನದಿಂದ ದಿನಕ್ಕೆ ಸುಸ್ತು" ಅಂದೆ.

೧೭ ಜನವರಿ ೨೦೨೪

ಸ್ಕ್ಯಾನ್ ಆಯಿತು. ಗಡ್ಡೆ ಅರ್ಧಕ್ಕಿಂತ ಸಣ್ಣದಾಗಿದೆ. ಡಾಕ್ಟರ್ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಮೊದಲಿನದರಲ್ಲಿ ಬಿಳೀ ಮುದ್ದೆ, ಈಗ ಬರೀ ಒಂದು ಗೆರೆ.

ಬರುವಾಗ ಬಂದರದಲ್ಲಿ ನೊಗ್ಲಿ ಮೀನು ಸಿಕ್ಕಿತು. ಇವರು ಎರಡು ಸಲ ಬಡಿಸಿಕೊಂಡರು. "ನಿನ್ನ ಕೈಯ ಮಸಾಲೆ ಮರೆತೇ ಹೋಗಿತ್ತು" ಅಂದರು. ನಾನು ಮೀನಿನ ಪಾತ್ರೆ ಮುಚ್ಚಿ ಒಳಗಿಟ್ಟೆ. ಅಂಥ ಮಾತಿಗೆಲ್ಲ ಕರಗುವ ಕಾಲ ಹೋಯಿತು.

೧ ಫೆಬ್ರುವರಿ

ಪ್ಲಾಂಟಿನ ಧಣಿ ಶಾಬಂದ್ರಿ ಸಾಹೇಬರು ಇವತ್ತು, "ವೀಣಾಬಾಯಿ, ಈಚೆಗೆ ನೀವು ಹಾಡು ಗುನುಗ್ತೀರಲ್ಲ, ಎಂತ ವಿಶೇಷ?" ಅಂದರು. ನಾನೆಲ್ಲಿ ಗುನುಗುತ್ತೇನೆ. ಅಮೋನಿಯಾ ವಾಸನೆಗೆ ಸಾಹೇಬರ ತಲೆ ತಿರುಗಿರಬೇಕು.

ಮಲ್ಲಿಗೆ ಮಾರುವವಳು ಎದುರಿಗೇ ಸಿಕ್ಕಿದಳು, ಬೇಡ ಅನ್ನಲಾಗಲಿಲ್ಲ, ಒಂದು ಮೊಳ ತಗೊಂಡೆ.

೧೫ ಫೆಬ್ರುವರಿ

ದೇವಿ. ಇವತ್ತು ಅವಳ ದನಿ ಬೇರೆಯಾಗಿತ್ತು.

"ಅಕ್ಕಾ, ಒಂದು ಸಲ ಬಂದು ನೋಡ್ಲಾ? ದೂರದಿಂದ ನೋಡಿ ಹೋಗ್ತೆ. ಗೇಟಿನ ಒಳಗೆ ಬರೂದಿಲ್ಲ."

"ಬೇಡ. ಗುರುತು ಸಿಗೂ ಸ್ಥಿತಿಲಿ ಇಲ್ಲ. ನಿಂಗೆ ನೋಡೂಕಾಗೂದಿಲ್ಲ."

ಆಗ ಇವರು ಮನೆಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು.

"ಆತು ಅಕ್ಕಾ" ಅಂದಳು. ಆಮೇಲೆ, "ಇನ್ನು ನಾ ಫೋನ್ ಮಾಡೂದಿಲ್ಲ. ಪ್ರತಿ ವಾರ ಇದ್ರಾ ಇಲ್ವಾ ಅಂತ ಕೇಳೂಕೆ ನಂಗೆ ಆಗ್ತಿಲ್ಲ. ಎಲ್ಲ ಆದ ಮೇಲೆ ನೀವೇ ಒಂದು ಮಾತು ಹೇಳಿ. ಈ ನಂಬರ್ ಹಾಗೇ ಇಟ್ಕಳ್ತೆ" ಅಂದಳು.

ಹೂಂ ಅಂದೆ. ಇನ್ನು ಗುರುವಾರದ ಕಾಟ ಇಲ್ಲ. ಒಳ್ಳೆಯದೇ ಆಯಿತು. ಐಸ್ ಬ್ಲಾಕ್ ಎಣಿಸುವಾಗ ಎರಡು ಸಲ ತಪ್ಪಿದೆ. ಇವತ್ತು ಬೋಟು ಜಾಸ್ತಿ.

೩ ಮಾರ್ಚ್

ಶ್ರೇಯಾಳನ್ನು ಹಾಸ್ಟೆಲಿಗೆ ಬಿಡಲು ಇಬ್ಬರೂ ಹೊನ್ನಾವರಕ್ಕೆ ಹೋಗಿದ್ದೆವು. ವಾಪಸು ಬರುವ ಮೊದಲು ಶರಾವತಿಯ ಸೇತುವೆಯ ಹತ್ತಿರ ಸ್ವಲ್ಪ ಹೊತ್ತು ನಿಂತೆವು. ಮೇಲೆ ಲಾರಿ ಹೋದಾಗಲೆಲ್ಲ ಸೇತುವೆ ಅದುರುತ್ತಿತ್ತು. ಅಳಿವೆಯಿಂದ ಬೋಟುಗಳು ಒಳಗೆ ಬರುತ್ತಿದ್ದವು. ಮರಳಿನ ದಿಬ್ಬ ಎಲ್ಲಿದೆ, ಯಾವ ಬೋಟು ತಪ್ಪು ದಾರಿ ಹಿಡಿದಿದೆ ಎಂದು ಇವರು ಕೈ ಮಾಡಿ ತೋರಿಸಿದರು. ಉಸಿರು ಏರಲಿಲ್ಲ. ಹೋಟೆಲಿನಲ್ಲಿ ಬನ್ಸ್ ತಿಂದೆವು. ಬಸ್ಸಿನಲ್ಲಿ ನಡುವೆ ಚೀಲ ಇಡಲು ಜಾಗ ಇರಲಿಲ್ಲ.

ಮದುವೆಯ ಹೊಸತರಲ್ಲಿ ಒಮ್ಮೆ ಹೀಗೇ ಇಲ್ಲಿಗೆ ಬಂದಿದ್ದೆವು. ಅದನ್ನು ಯಾಕೆ ಬರೆಯುತ್ತಿದ್ದೇನೋ.

ಡಾಕ್ಟರ್ ವರ್ಷ ಅಂದರೂ ಕೆಲವರಿಗೆ ಅದಕ್ಕಿಂತ ಜಾಸ್ತಿ ಅಂದಿದ್ದಾರೆ. ಮೂರು ನಾಲ್ಕು ವರ್ಷ ಹೋದವರೂ ಇದ್ದಾರಂತೆ.

೨೩ ಮಾರ್ಚ್

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಶ್ರೇಯಾ ಮಧ್ಯಾಹ್ನ ಬಂದಳು. ಬ್ಯಾಗು ಕೆಳಗಿಡಲಿಲ್ಲ. ಇವರು ಅವಳಿಗೆ ಹೇಳಿದ್ದರಂತೆ, ನನಗೆ ಗೊತ್ತಿಲ್ಲದೆ: ಹೊನ್ನಾವರದಿಂದ ಕುಮಟೆ ದೂರವಲ್ಲ, ಒಂದು ಸಲ ಹೊಳನಗದ್ದೆಗೆ ಹೋಗಿ ದೇವಿ ಹೇಗಿದ್ದಾಳೆ ನೋಡಿ ಬಾ, ನಾನು ಫೋನ್ ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ, ಯಾರನ್ನೂ ಕಳಿಸುವುದಿಲ್ಲವೆಂದು ಕೊಟ್ಟಿಲ್ಲ.

ಇವಳು ಹೋಗಿದ್ದಾಳೆ. ಮನೆಗೆ ಬೀಗ. ಪಕ್ಕದ ಮನೆಯ ಮಾದಿ ಎಂಬ ಹೆಂಗಸು, ಇವಳು ಯಾರೆಂದು ಗೊತ್ತಿಲ್ಲದೆ ಎಲ್ಲ ಹೇಳಿದ್ದಾಳೆ. ದೇವಿಯ ಜೊತೆಗಿದ್ದವರಿಗೆ ಕ್ಯಾನ್ಸರಂತೆ, ಪರೀಕ್ಷೆ ಮಾಡಿದರೆ ಯಾವ ಮದ್ದೂ ಹಿಡಿಯುವುದಿಲ್ಲ ಅಂತ ಬಂತಂತೆ. ಮುಖ ನೋಡಲೂ ಆ ಹೆಂಡತಿ ಬಿಡಲಿಲ್ಲವಂತೆ. ದೇವಿ ಒಂದು ವಾರ ಬಾಗಿಲು ಹಾಕಿಕೊಂಡು ಅತ್ತು, ಕಡೆಗೆ ಅಣ್ಣ ಬಂದು ರತ್ನಾಗಿರಿಗೆ ಕರೆದುಕೊಂಡು ಹೋದನಂತೆ. ಅಲ್ಲಿ ಮೀನು ಕೊಯ್ಯುವ ಶೆಡ್ಡಿನಲ್ಲಿ ಕೆಲಸ. ಅಲ್ಲೇ ಹೆಂಡತಿ ಸತ್ತ ಒಬ್ಬರಿದ್ದಾರೆ, ಅವರ ಜೊತೆ ಕೂಡಿಕೆಗೆ ಅಣ್ಣ ಮಾತು ಮುಗಿಸಿದ್ದಾನೆ, ಅವಳೂ ಒಪ್ಪಿದ್ದಾಳೆ.

"ಅಮ್ಮಾ, ಯಾವ ಮದ್ದೂ ಹಿಡಿಯೂದಿಲ್ಲ ಅಂತ ಅವಳಿಗೆ ಹೇಳಿದ್ದು ಯಾರು?"

ನಾನು ಬ್ಯಾಗು ಇಳಿಸಿಕೊಳ್ಳಲು ಕೈ ಚಾಚಿದೆ, ಅವಳು ಹಿಂದೆ ಸರಿದಳು.

"ಅಪ್ಪ ಬಿಟ್ಟು ಹೋದ್ರು. ಹೇಳದೆ ಹೋದ್ರು, ಆದ್ರೆ ಸತ್ತೆ ಅಂತ ಹೇಳಿ ಹೋಗ್ಲಿಲ್ಲ."

"ನಿನಗೆ ಅವತ್ತು ಅಪ್ಪ ಎಲ್ಲಿ ಅಂತ ಶಾಲೆಯಲ್ಲಿ ಕೇಳಿದಾಗ ಉತ್ತರ ಹೇಳಿಕೊಟ್ಟವಳು ನಾನು" ಅಂದೆ. "ಹತ್ತು ವರ್ಷ ನಾನು ಉತ್ತರ ಹೇಳಿದ್ದೆ. ಅವಳು ನಾಲ್ಕು ತಿಂಗಳು ಅತ್ತಳು."

ಇವರು ಅಲ್ಲೇ ಮಂಚದ ಮೇಲೆ ಕೂತಿದ್ದರು. ಕೂಗಾಡುತ್ತಾರೆ ಎಂದುಕೊಂಡೆ. ನನ್ನ ಫೋನನ್ನು ತೆಗೆದು ಅವರ ಪಕ್ಕ ಇಟ್ಟೆ. ಮಾಡಿ, ಹೇಳಿ, ಹೋಗುವುದಿದ್ದರೆ ಹೋಗಿ ಅಂದೆ. ಅವರು ಫೋನ್ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿ, ಶ್ರೇಯಾಳ ಕೈಗೆ ಕೊಟ್ಟರು.

"ಬಿಡು ಮಗಾ. ಮಾಡಿ ಎಂತ ಹೇಳೂದು? ಬದುಕಿದ್ದೆ ಅಂತ ಈಗ ಒಂದು ಸಲ, ಹೋದೆ ಅಂತ ಬರೂ ವರ್ಷ ಇನ್ನೊಂದು ಸಲ. ಅವಳು ಎದ್ದು ನಿಂತಿದ್ದಾಳೆ. ಮತ್ತೆ ಕೂರಿಸೂದು ಬೇಡ."

ನನ್ನ ಕಡೆ ನೋಡಲಿಲ್ಲ. ಶ್ರೇಯಾ ಸಂಜೆಯ ಬಸ್ಸಿಗೇ ಹಾಸ್ಟೆಲಿಗೆ ಹೋದಳು. ಗೇಟಿನ ತನಕ ಹೋಗಿ ಅವಳನ್ನು ಕಳಿಸಿದವರು ಇವರು.

೨ ಏಪ್ರಿಲ್

ಮಾತಿಲ್ಲ. ಬಡಿಸಿದ್ದನ್ನು ಉಣ್ಣುತ್ತಾರೆ. ಮಾತ್ರೆ ಕೊಟ್ಟರೆ ನುಂಗುತ್ತಾರೆ. ಗುಂಡಿ ತಾವೇ ಹಾಕಿಕೊಳ್ಳುತ್ತಾರೆ, ಹಣ್ಣಾದ ಬೆರಳಲ್ಲಿ ಎಷ್ಟು ಹೊತ್ತಾದರೂ ಸರಿ.

೧೯ ಏಪ್ರಿಲ್

ಇವರು ಇಲ್ಲಿಂದ ಹೋಗುವುದಿಲ್ಲ, ಹೋಗಲು ಜಾಗವಿಲ್ಲ. ನಾನು ಬೇಡಿದ್ದು ಇದೇ ಇರಬೇಕು.

೩೦ ಮೇ

ಕೆಮ್ಮು ಮತ್ತೆ ಶುರುವಾಗಿ ಹದಿನೈದು ದಿನ ಆಗಿತ್ತು. ನಾನು ಮಾವಿನಹಣ್ಣಿನದ್ದು ಅಂದುಕೊಂಡಿದ್ದೆ, ಅಥವಾ ಅಂದುಕೊಳ್ಳಬೇಕೆಂದಿದ್ದೆ. ಸ್ಕ್ಯಾನಿನಲ್ಲಿ ಮುದ್ದೆ ಮತ್ತೆ ಕಾಣಿಸಿದೆ, ಈ ಸಲ ಎರಡೂ ಬದಿ.

"ಗಡ್ಡೆ ದಾರಿ ಬದಲಿಸಿದೆ" ಅಂದರು ಡಾಕ್ಟರ್ ಶ್ರೀಗೌರಿ. "ಇಷ್ಟು ಬೇಗ ಆಗ್ತದೆ ಅಂತ ನಾನೂ ಎಣಿಸಿರಲಿಲ್ಲ. ರಕ್ತದಲ್ಲಿ ಇನ್ನೊಂದು ಪರೀಕ್ಷೆ ಮಾಡುವ. ಇನ್ನೊಂದು ಥರದ ಬದಲಾವಣೆ ಇದ್ರೆ ಅದಕ್ಕೆ ಬೇರೆ ಮಾತ್ರೆ ಇದೆ."

"ಇರಲಿ ಅಂತ ಹೇಳಿ ಡಾಕ್ಟ್ರೇ" ಅಂದುಬಿಟ್ಟೆ. ಅವರು ಹೇಳಿದರೆ ಇರುತ್ತದೆಯೇ. ಅವರು ನನ್ನ ಕೈ ಹಿಡಿದುಕೊಂಡರು. ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು.

೧೮ ಜೂನ್

ಇಲ್ಲ.

ಆ ಇನ್ನೊಂದು ಬದಲಾವಣೆ ಇಲ್ಲ. ಬೇರೆ ಮಾತ್ರೆಗೆ ಇವರ ಗಡ್ಡೆ ಬಗ್ಗುವುದಿಲ್ಲ. ಇನ್ನು ಇಂಜೆಕ್ಷನ್ ಮಾತ್ರ.

ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಆಗಿ ಪ್ಲಾಂಟ್ ನಿಂತಿದೆ. ಸಾಹೇಬರು ಆಗಸ್ಟಿನ ತನಕ ಮನೆಯಲ್ಲೇ ಇರಿ ಅಂದಿದ್ದಾರೆ. ಇಡೀ ದಿನ ಮನೆಯಲ್ಲಿ ಇಬ್ಬರೇ. ಮಳೆ ಹೊಡೆಯುತ್ತಿದ್ದರೆ ಕೆಮ್ಮು ಕೇಳುವುದಿಲ್ಲ, ನಿಂತ ಕೂಡಲೇ ಕೇಳುತ್ತದೆ.

೨೯ ಜೂನ್

ಒಂದು ಸುತ್ತು ಇಂಜೆಕ್ಷನ್ ಆಯಿತು. ಮತ್ತೆ ಬಟ್ಟಲು, ಮತ್ತೆ ಬೆನ್ನಿನ ಮೂಳೆ. ಇನ್ನೊಂದು ಸುತ್ತು ಬೇಡವೆಂದು ಇವರು ಡಾಕ್ಟರಿಗೆ ಹೇಳಿದರು. ಡಾಕ್ಟರ್ ಒತ್ತಾಯ ಮಾಡಲಿಲ್ಲ. ಉಸಿರಿಗೆ, ನೋವಿಗೆ ಮದ್ದು ಬರೆದುಕೊಟ್ಟರು. ನನ್ನನ್ನು ಹೊರಗೆ ಕರೆದು, "ಯಾರನ್ನಾದ್ರೂ ನೋಡಬೇಕು ಅಂತ ಇದ್ರೆ ಕರೆಸಿ" ಅಂದರು.

ಯಾರನ್ನು ನೋಡಬೇಕೆಂದು ಇವರನ್ನು ಕೇಳುವ ಅಗತ್ಯ ಇತ್ತೇ.

೭ ಜುಲೈ

ಎಂಟು ದಿನ ಫೋನ್ ಕೈಯಲ್ಲಿ ಹಿಡಿದು ಇಟ್ಟೆ. ಇವತ್ತು ಮಾಡಿದೆ. ಇವರ ಮಂಚದ ಪಕ್ಕದಲ್ಲೇ ಕೂತು, ಇವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. "ದೇವಿಗೆ ಮಾಡ್ತಿದ್ದೆ. ನಿಜ ಹೇಳ್ತೆ. ಬರೂದಾದ್ರೆ ಬರ್ಲಿ. ನೀವು ಮಾತಾಡಿ" ಅಂದೆ. ಇವರು ಬೇಡವೆಂದು ತಲೆ ಅಲ್ಲಾಡಿಸುವಷ್ಟರಲ್ಲಿ ಆ ಕಡೆ ಎತ್ತಿಯಾಗಿತ್ತು. ಹಿಂದೆ ಹೆಂಗಸರ ಮಾತು, ನೀರು ಸುರಿಯುವ ಸದ್ದು. ಶೆಡ್ಡಿನಲ್ಲೇ ಇದ್ದಿರಬೇಕು.

ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಹೋದ್ರಾ ಅಕ್ಕಾ?"

ನಿಜ ಹೇಳಬೇಕೆಂದೇ ಕೂತವಳು ನಾನು. ಇವರ ಮುಖ ನೋಡಿದೆ. ಇವರು ಕೈ ಎತ್ತಿದರು, ಬಹಳ ಕಷ್ಟದಿಂದ, ಅಂಗೈ ಆಡಿಸಿ ಹೌದು ಅನ್ನು ಎಂದು ಸನ್ನೆ ಮಾಡಿದರು. ನಾನು ತಲೆ ಅಲ್ಲಾಡಿಸಿದೆ. ಇವರು ಮತ್ತೆ ಸನ್ನೆ ಮಾಡಿದರು. ಕಣ್ಣಲ್ಲಿ ನೀರಿರಲಿಲ್ಲ, ಆದರೆ ಇಷ್ಟು ತಿಂಗಳಲ್ಲಿ ಮೊದಲ ಸಲ ನನ್ನನ್ನು ನೆಟ್ಟಗೆ ನೋಡುತ್ತಿದ್ದರು.

"ಹೂಂ" ಅಂದೆ.

ಹಿಂದಿನ ಸದ್ದು ದೂರವಾಯಿತು. ಅವಳು ಶೆಡ್ಡಿನಿಂದ ಹೊರಗೆ ಬಂದಳೆಂದು ಕಾಣುತ್ತದೆ.

"ಬಹಳ ಕಷ್ಟಪಟ್ರಾ?"

"ಇಲ್ಲ. ನಿದ್ದೇಲೇ."

"ನೀವು ಹತ್ರ ಇದ್ರಿ ಅಲ್ದಾ?"

"ಇದ್ದೆ."

"ಇಷ್ಟು ದಿನ ನೋಡ್ಕಂಡ್ರಿ ಅಕ್ಕಾ. ನಿಮ್ಮ ಜಾಗದಲ್ಲಿ ನಾನಿದ್ರೆ ಬಾಗಿಲು ತೆಗೀತಿರ್ಲಿಲ್ಲ." ಮೂಗು ಒರೆಸಿಕೊಂಡದ್ದು ಕೇಳಿತು. "ಕಡೆಗೆ ನನ್ನ ಹೆಸರು ಏನಾದ್ರೂ ಹೇಳಿದ್ರಾ?"

ಇವರು ಗೋಡೆಯ ಕಡೆ ಮಗ್ಗುಲಾದರು.

"ಹೇಳಿದ್ರು" ಅಂದೆ. "ನಿನ್ನ ಹೆಸರೇ ಹೇಳಿದ್ರು."

ಅವಳು ಬಹಳ ಹೊತ್ತು ಅತ್ತಳು. ನಾನು ಫೋನ್ ಇಡಲಿಲ್ಲ. ಸ್ಪೀಕರನ್ನೂ ತೆಗೆಯಲಿಲ್ಲ. ಇವರ ಬೆನ್ನು ಅದುರುತ್ತಿತ್ತು. ಕೆಮ್ಮಿದರೆ ಅವಳಿಗೆ ಕೇಳುತ್ತದೆಂದು ಚಾದರದ ಅಂಚನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಕಡೆಗೆ ಅವಳೇ "ಬರ್ತೆ ಅಕ್ಕಾ, ಕೆಲಸ ಉಂಟು" ಅಂದಳು. ಕಟ್ಟಾದ ಮೇಲೂ ಇವರು ಚಾದರ ಬಿಡಲಿಲ್ಲ. ನಾನೇ ಬೆರಳು ಬಿಡಿಸಿ ತೆಗೆದೆ. ಆಮೇಲೆ ಕೆಮ್ಮು ಬಂತು, ಬೆನ್ನು ತಟ್ಟುತ್ತಾ ಕೂತೆ.

೮ ಜುಲೈ

ಶ್ರೇಯಾಳಿಗೆ ಬಾ ಎಂದು ಹೇಳಿದ್ದೇನೆ. ನಾಳೆ ಬರುತ್ತಾಳೆ. ಹೊನ್ನಾವರದಿಂದ ಈಚೆ ರಸ್ತೆಯ ಮೇಲೆ ನೀರು ನಿಂತಿದೆಯಂತೆ, ಬಸ್ಸು ತಡವಾಗಬಹುದು ಅಂದಳು. ನನ್ನ ಜೊತೆ ಅಷ್ಟೇ ಮಾತು.

ಬೆಳಿಗ್ಗೆ ಗಂಜಿ ಕೊಟ್ಟೆ. ಒಂದು ಚಮಚ ಬಾಯಿಗೆ ಹಾಕಿಕೊಂಡು ನಿಲ್ಲಿಸಿದರು. ಬೇಡವೇನೋ ಎಂದು ಬಟ್ಟಲು ತೆಗೆಯಲು ಹೋದೆ.

"ಉಪ್ಪು ಕಡಿಮೆ" ಅಂದರು.

ಮಾರ್ಚಿನ ನಂತರ ನನಗೆ ಹೇಳಿದ ಮೊದಲ ಮಾತು. ಒಳಗೆ ಹೋಗಿ ಉಪ್ಪು ತಂದು ಹಾಕಿದೆ. ಕಲಸಿ ಕೊಟ್ಟೆ. ಪೂರ್ತಿ ಕುಡಿದರು.